ಬೋಟಿನ ಜನರೇಟರ್ ಬಿಸಿಯಾಗಿ ನಿಂತರೆ ನೀರಿನ ದಾರಿ ಹಿಡಿಯಿರಿ

ನಾನು ಮಲ್ಪೆಯವನು. ದುಬೈಯಲ್ಲಿ ಯಾಟ್ ಮತ್ತು ಪ್ರವಾಸಿ ಬೋಟುಗಳ ಜನರೇಟರ್ ರಿಪೇರಿ ಮಾಡುವುದು ನನ್ನ ಕೆಲಸ. ಬೇಸಿಗೆಯಲ್ಲಿ ನನಗೆ ಬರುವ ಫೋನುಗಳೆಲ್ಲ ಹೆಚ್ಚುಕಡಿಮೆ ಒಂದೇ ತರಹ ಇರುತ್ತವೆ. "ಅಣ್ಣಾ, ಜನರೇಟರ್ ಬಿಸಿಯಾಗಿ ಬಂದ್ ಆಯ್ತು. ಏಸಿ ಇಲ್ಲ. ಗೆಸ್ಟ್ ಎಲ್ಲ ಮೇಲೆ ಕೂತಿದ್ದಾರೆ." ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: "ಬಂದ್ ಆಗುವ ಮೊದಲು ಹೊಗೆ ಪೈಪಿನಲ್ಲಿ ನೀರು ಬೀಳ್ತಾ ಇತ್ತಾ ಮಾರಾಯ?" ಇದಕ್ಕೆ ಉತ್ತರ ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ. ಆದರೆ ಹೆಚ್ಚಿನವರು ಅದನ್ನು ನೋಡಿರುವುದಿಲ್ಲ. ಪ್ಯಾನೆಲ್‌ನಲ್ಲಿ ಕೆಂಪು ದೀಪ ಕಂಡ ಕೂಡಲೇ ಸ್ಪ್ಯಾನರ್ ಹಿಡಿದು ಥರ್ಮೋಸ್ಟಾಟ್ (ಬಿಸಿಯಾದಾಗ ತೆರೆದು ಎಂಜಿನ್ ತಣಿಸುವ ನೀರು ಬಿಡುವ ವಾಲ್ವ್) ಬಿಚ್ಚಲು ಹೊರಡುತ್ತಾರೆ.

ಇಲ್ಲಿನ ಬೋಟುಗಳಲ್ಲಿ ನಮ್ಮ ಕರಾವಳಿಯ ಹುಡುಗರೂ ಇದ್ದಾರೆ. ಊರಲ್ಲಿ ಮೇನ್ ಎಂಜಿನ್ ಬಿಚ್ಚಿ ಜೋಡಿಸಿದ ಕೈಗಳೇ. ಅವರಿಗೆ ನಾನು ಫೋನಿನಲ್ಲಿ ಹೇಳುವುದನ್ನು ಇಲ್ಲಿ ಒಂದು ಕಡೆ ಬರೆದಿಡುತ್ತಿದ್ದೇನೆ. ಹೇಳುವುದು ಇಷ್ಟೇ: ಅಂದಾಜಿನ ಮೇಲೆ ಏನನ್ನೂ ಬಿಚ್ಚಬೇಡಿ. ನೀರು ಸಮುದ್ರದಿಂದ ಯಾವ ದಾರಿಯಲ್ಲಿ ಒಳಗೆ ಬರುತ್ತದೋ ಅದೇ ದಾರಿಯಲ್ಲಿ ನೀವೂ ಹೋಗಿ. ಒಂದೊಂದೇ ಜಾಗ ನೋಡುತ್ತಾ, ನೀರು ಮತ್ತೆ ಸಮುದ್ರಕ್ಕೆ ಬೀಳುವ ತನಕ ಹೋಗಿ.

ಎರಡು ನೀರು, ಎರಡು ದಾರಿ

ಈ ಜನರೇಟರ್‌ಗಳಲ್ಲಿ ಎರಡು ಬಗೆಯ ನೀರು ಓಡುತ್ತದೆ. ಎಂಜಿನ್ ಒಳಗೆ ಸುತ್ತುವುದು ಕೂಲಂಟ್. ಅದು ಹೊರಗೆ ಹೋಗುವುದೇ ಇಲ್ಲ. ಎಂಜಿನ್ನಿನ ಬಿಸಿ ಹೊತ್ತು ಹೀಟ್ ಎಕ್ಸ್‌ಚೇಂಜರ್‌ಗೆ ಬರುತ್ತದೆ, ಅಲ್ಲಿ ಬಿಸಿ ಬಿಟ್ಟು ವಾಪಸ್ ಹೋಗುತ್ತದೆ. ಆ ಬಿಸಿಯನ್ನು ತೆಗೆದುಕೊಳ್ಳುವುದು ಉಪ್ಪುನೀರು. ಅದರ ದಾರಿ ಹೀಗೆ: ಬೋಟಿನ ತಳದ ತೂತು, ಅದನ್ನು ತೆರೆದು ಮುಚ್ಚುವ ಸೀ ಕಾಕ್, ಕಸ ಹಿಡಿಯುವ ಸ್ಟ್ರೈನರ್, ಇಂಪೆಲ್ಲರ್ (ರಬ್ಬರ್ ರೆಕ್ಕೆಗಳ ಚಕ್ರ) ಇರುವ ಪಂಪ್, ಹೀಟ್ ಎಕ್ಸ್‌ಚೇಂಜರ್, ಆಮೇಲೆ ಎಕ್ಸಾಸ್ಟ್ ಎಲ್ಬೋ, ಅಂದರೆ ಹೊಗೆ ಹೊರಬರುವ ಬಾಗು ಪೈಪು. ಎಲ್ಬೋದಲ್ಲಿ ನೀರು ಬಿಸಿ ಹೊಗೆಯ ಜೊತೆ ಬೆರೆಯುತ್ತದೆ. ಎರಡೂ ಸೇರಿ ಸದ್ದು ತಗ್ಗಿಸುವ ಮಫ್ಲರ್ ದಾಟಿ ಬೋಟಿನ ಪಕ್ಕದಲ್ಲೋ ಹಿಂದೋ ಹೊರಗೆ ಬೀಳುತ್ತವೆ.

ಅಂದರೆ ಉಪ್ಪುನೀರಿಗೆ ಎರಡು ಕೆಲಸ. ಎಂಜಿನ್ ತಣಿಸುವುದು ಒಂದು. ಹೊಗೆ ಪೈಪು ತಣಿಸುವುದು ಇನ್ನೊಂದು. ಎರಡನೆಯದನ್ನು ಜನ ಮರೆಯುತ್ತಾರೆ, ಆದರೆ ಅಪಾಯ ಇರುವುದು ಅಲ್ಲೇ. ಡೀಸೆಲ್ ಎಂಜಿನ್ನಿನ ಹೊಗೆ ಲೋಡ್ ಇದ್ದಾಗ 400 ಡಿಗ್ರಿ ದಾಟುತ್ತದೆ. ಎಲ್ಬೋದಿಂದ ಆಚೆ ಇರುವುದು ರಬ್ಬರ್ ಹೋಸ್. ನೀರು ನಿಂತರೆ ಆ ಹೋಸ್ ಕೆಲವೇ ನಿಮಿಷಗಳಲ್ಲಿ ಸುಡಲು ಶುರುವಾಗುತ್ತದೆ. ಹೋಸ್ ತೂತಾದರೆ ಹೊಗೆ ಬೋಟಿನ ಒಳಗೇ ಬರುತ್ತದೆ. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಕೆಳಗೆ ಕ್ಯಾಬಿನ್‌ನಲ್ಲಿ ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ. ಹಾಗಾಗಿ ಹೊಗೆ ಪೈಪು ಅತಿ ಬಿಸಿಯಾದರೆ ಜನರೇಟರ್ ನಿಲ್ಲಿಸುವ ಎಕ್ಸಾಸ್ಟ್ ಟೆಂಪರೇಚರ್ ಸ್ವಿಚ್‌ನ ವೈರನ್ನು ಬೈಪಾಸ್ ಮಾಡಿ "ಸದ್ಯಕ್ಕೆ ಓಡಲಿ" ಅನ್ನುವ ಕೆಲಸ ಯಾರು ಹೇಳಿದರೂ ಮಾಡಬೇಡಿ. ಕ್ಯಾಪ್ಟನ್ ಹೇಳಲಿ, ಮಾಲೀಕ ಹೇಳಲಿ. ರಾತ್ರಿ ಸೆಕೆಯಲ್ಲಿ ಕಳೆದರೆ ಯಾರೂ ಸಾಯುವುದಿಲ್ಲ. ಕಾರ್ಬನ್ ಮಾನಾಕ್ಸೈಡ್ ಅಲಾರಂ ಕೆಲಸ ಮಾಡುತ್ತಿದೆಯಾ ಅಂತಲೂ ಇದೇ ಹೊತ್ತಿಗೆ ನೋಡಿಬಿಡಿ.

ಇಲ್ಲಿನ ಸಮುದ್ರದ ಕತೆ

ಮಲ್ಪೆಯಲ್ಲಿ ಸರಿಯಾಗಿ ಓಡುವ ಜನರೇಟರ್ ಇಲ್ಲಿ ಆಗಸ್ಟ್‌ನಲ್ಲಿ ಯಾಕೆ ನಿಲ್ಲುತ್ತದೆ ಅಂತ ಹುಡುಗರು ಕೇಳುತ್ತಾರೆ. ಕಾರಣ ಸರಳ. ಹಡಗಿನ ಯಂತ್ರಗಳಿಗೆ ಸಮುದ್ರದ ನೀರು 32 ಡಿಗ್ರಿ, ಎಂಜಿನ್ ರೂಮಿನ ಗಾಳಿ 45 ಡಿಗ್ರಿ ಅಂತ ಲೆಕ್ಕ ಹಾಕುವುದು ವಾಡಿಕೆ. ಇಲ್ಲಿ ಬೇಸಿಗೆಯಲ್ಲಿ, ಅದರಲ್ಲೂ ಮರೀನಾದ ಆಳವಿಲ್ಲದ ನಿಂತ ನೀರಿನಲ್ಲಿ, ನೀರೇ 34-35 ಡಿಗ್ರಿಗೆ ಏರುತ್ತದೆ. ತಣಿಸುವ ನೀರು ಬಿಸಿಯಾದಷ್ಟೂ ಅದು ಹೊತ್ತುಕೊಂಡು ಹೋಗುವ ಬಿಸಿ ಕಡಿಮೆ. ಅದೇ ಹೊತ್ತಿಗೆ ಏಸಿಗಳೆಲ್ಲ ಒಟ್ಟಿಗೆ ಓಡಿ ಲೋಡ್ ಜಾಸ್ತಿ ಇರುತ್ತದೆ. ಚಳಿಗಾಲದಲ್ಲಿ ತೊಂದರೆ ಕೊಡದ, ಕಸ ಕಟ್ಟಿ ಅರ್ಧ ಮುಚ್ಚಿದ ಪೈಪು ಬೇಸಿಗೆಯಲ್ಲಿ ಜನರೇಟರ್ ನಿಲ್ಲಿಸುತ್ತದೆ. ಪೈಪು ಕಟ್ಟಿದ್ದು ನಿನ್ನೆ ಅಲ್ಲ, ಗೊತ್ತಾಗಿದ್ದು ಮಾತ್ರ ಇವತ್ತು.

ಉಪ್ಪೂ ಜಾಸ್ತಿ. ನಮ್ಮ ಅರಬ್ಬಿ ಸಮುದ್ರದಲ್ಲಿ ಲೀಟರಿಗೆ 35-36 ಗ್ರಾಂ ಉಪ್ಪಿದ್ದರೆ ಕೊಲ್ಲಿಯಲ್ಲಿ ಸುಮಾರು 40 ಗ್ರಾಂ. ಬಿಸಿ ಜಾಗಗಳಲ್ಲಿ ಹೊಪ್ಪಳಿಕೆ (ಉಪ್ಪಿನ ಗಟ್ಟಿ ಪದರ) ಬೇಗ ಕಟ್ಟುತ್ತದೆ. ಚಿಪ್ಪುಹುಳಗಳು ತಳದ ತೂತಿನೊಳಗೆ ಬೆಳೆಯುತ್ತವೆ. ಜೆಲ್ಲಿ ಮೀನಿನ ಹಿಂಡು ಬಂದರೆ ಸ್ಟ್ರೈನರ್ ಒಂದು ಗಂಟೆಯಲ್ಲಿ ತುಂಬುತ್ತದೆ.

ಶುರು ಮಾಡುವ ಮೊದಲು

ಜನರೇಟರ್ ತಾನೇ ನಿಂತಿದ್ದರೆ ಮತ್ತೆ ಮತ್ತೆ ಸ್ಟಾರ್ಟ್ ಒತ್ತಬೇಡಿ. ಇದು ತುಂಬಾ ಮುಖ್ಯ. ಎಂಜಿನ್ ಹಿಡಿಯದೆ ಸುಮ್ನೆ ತಿರುಗುತ್ತಿದ್ದಾಗಲೂ ಪಂಪ್ ಉಪ್ಪುನೀರು ತಳ್ಳುತ್ತಲೇ ಇರುತ್ತದೆ. ಆದರೆ ಆ ನೀರನ್ನು ಹೊರಗೆ ಊದಲು ಹೊಗೆಯ ಒತ್ತಡ ಇರುವುದಿಲ್ಲ. ಮಫ್ಲರ್ ತುಂಬುತ್ತದೆ, ನೀರು ಹಿಂದಕ್ಕೆ ಏರಿ ಎಲ್ಬೋ ದಾಟಿ ಸಿಲಿಂಡರ್‌ಗೆ ಇಳಿಯುತ್ತದೆ. ನೂರು ರೂಪಾಯಿಯ ರಿಪೇರಿ ಇದ್ದದ್ದು ಎಂಜಿನ್ ಓವರ್‌ಹಾಲ್ ಆಗುವುದು ಹೀಗೆ. ಯಾವುದೇ ಕಾರಣಕ್ಕೆ ಹೆಚ್ಚು ಹೊತ್ತು ಕ್ರ್ಯಾಂಕ್ ಮಾಡಬೇಕಾದರೆ, ಅಂದರೆ ಸ್ಟಾರ್ಟರ್ ಹಾಕಿ ಎಂಜಿನ್ ತಿರುಗಿಸಬೇಕಾದರೆ, ಸೀ ಕಾಕ್ ಮುಚ್ಚಿ. ಎಂಜಿನ್ ಹಿಡಿದ ಕೂಡಲೇ ತೆರೆಯಿರಿ. ಅದಕ್ಕೆ ಇನ್ನೊಬ್ಬ ಸೀ ಕಾಕ್ ಪಕ್ಕದಲ್ಲೇ ನಿಂತಿರಲಿ.

ಯಾಟ್‌ಗಳಲ್ಲಿ ವೀಲ್‌ಹೌಸ್‌ನಲ್ಲೋ ಅಡುಗೆಮನೆಯಲ್ಲೋ ಇನ್ನೊಂದು ಸ್ಟಾರ್ಟ್ ಬಟನ್ ಇರುತ್ತದೆ. ನಿಮ್ಮ ಕೈ ಬೆಲ್ಟ್ ಹತ್ತಿರ ಇರುವಾಗ ಮೇಲಿನಿಂದ ಯಾರೋ ಒತ್ತಬಹುದು. ಆದ್ದರಿಂದ ಜನರೇಟರ್ ಮೈಮೇಲಿನ ಸ್ವಿಚ್ ಆಫ್ ಮಾಡಿ, ಬ್ಯಾಟರಿ ಸ್ವಿಚ್ಚೂ ಆಫ್ ಮಾಡಿ, ಕ್ಯಾಪ್ಟನ್‌ಗೆ ಹೇಳಿ. ಕೂಲಂಟ್ ಮುಚ್ಚಳವನ್ನು ಬಿಸಿ ಇರುವಾಗ ಮುಟ್ಟಲೇಬೇಡಿ. ಒತ್ತಡದಲ್ಲಿರುವ ಆ ನೀರು ಮುಖಕ್ಕೆ ಹಾರಿದರೆ ಚರ್ಮ ಬೇಯುತ್ತದೆ.

ಆಮೇಲೆ ಪ್ಯಾನೆಲ್‌ನಲ್ಲಿ ಯಾವ ಅಲಾರಂ ಬಂದಿದೆ ನೋಡಿ. ಎಕ್ಸಾಸ್ಟ್ ಬಿಸಿ ಅಂತ ಇದ್ದರೆ ತೊಂದರೆ ಉಪ್ಪುನೀರಿನ ಕಡೆಗೇ ಅಂತ ಹೆಚ್ಚುಕಡಿಮೆ ಖಚಿತ. ಕೂಲಂಟ್ ಬಿಸಿ ಅಂತ ಮಾತ್ರ ಇದ್ದು ಹೊಗೆ ಪೈಪಿನಲ್ಲಿ ನೀರು ಚೆನ್ನಾಗಿ ಬೀಳುತ್ತಿದ್ದರೆ, ಎಂಜಿನ್ ಒಳಗಿನ ದಾರಿ ಅಥವಾ ಕಟ್ಟಿದ ಹೀಟ್ ಎಕ್ಸ್‌ಚೇಂಜರ್ ಮೇಲೆ ಅನುಮಾನ ಪಡಿ.

ಹೊಗೆ ಪೈಪಿನ ಬಾಯಿ ಏನು ಹೇಳುತ್ತದೆ

ಎಂಜಿನ್ ತಣಿದ ಮೇಲೆ, ಲೋಡ್ ಹಾಕದೆ, ಒಮ್ಮೆ ಸ್ಟಾರ್ಟ್ ಮಾಡಿ ಹೊರಗೆ ನೋಡಿ. ನೀರು ಒಂದೇ ಸಮನೆ ಬೀಳುವುದಿಲ್ಲ, ಮಫ್ಲರ್ ತುಂಬಿ ತುಂಬಿ ಉಗುಳುವುದರಿಂದ ಬಿಟ್ಟು ಬಿಟ್ಟು ಬೀಳುತ್ತದೆ. ಅದು ಸರಿಯೇ. ಅರ್ಧ ನಿಮಿಷವಾದರೂ ಒಂದು ಹನಿ ಬರದಿದ್ದರೆ ಕೂಡಲೇ ಬಂದ್ ಮಾಡಿ. ಇಂಪೆಲ್ಲರ್ ನೀರಿಲ್ಲದೆ ಓಡಿದರೆ ಅದರ ರಬ್ಬರ್ ಬೇಗನೆ ಸುಟ್ಟು ಹರಿಯುತ್ತದೆ.

ಸದ್ದನ್ನೂ ಕೇಳಿ. ನೀರಿದ್ದರೆ ಒದ್ದೆ ಸದ್ದು, ನೀರಿಲ್ಲದಿದ್ದರೆ ಒಣ, ಟೊಳ್ಳು ಸದ್ದು. ಬಿಳಿ ಹಬೆ ಬರುತ್ತಿದ್ದು ಪೈಪಿನಿಂದ ಸ್ವಲ್ಪ ದೂರದಲ್ಲೇ ಮಾಯವಾದರೆ ಅದು ಆವಿ, ಅಂದರೆ ನೀರು ಕಡಿಮೆ. ಗಾಳಿಯಲ್ಲಿ ತೇಲಿ ನಿಂತರೆ ಅದು ಉರಿಯದ ಡೀಸೆಲ್, ಅದು ಬೇರೆ ಕಾಯಿಲೆ. ಆದರೆ ಚಳಿಗಾಲದ ಬೆಳಗಿನ ಜಾವ ಸ್ವಲ್ಪ ಆವಿ ಎಲ್ಲ ಬೋಟಿನಲ್ಲೂ ಕಾಣುತ್ತದೆ. ಅದಕ್ಕೆ ಹೆದರಬೇಕಿಲ್ಲ.

ಕಣ್ಣಳತೆ ನಂಬಬೇಡಿ, ಬಕೆಟ್ ಹಿಡಿಯಿರಿ. ಒಂದು ನಿಮಿಷಕ್ಕೆ ಎಷ್ಟು ಲೀಟರ್ ಬೀಳುತ್ತದೆ ಅಳೆಯಿರಿ. ಸಣ್ಣ ಜನರೇಟರ್‌ಗಳಲ್ಲಿ ಸಾಮಾನ್ಯವಾಗಿ ನಿಮಿಷಕ್ಕೆ 15ರಿಂದ 30 ಲೀಟರ್ ಬರಬೇಕು. ನಿಮ್ಮದಕ್ಕೆ ಎಷ್ಟು ಅಂತ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ. ಅಲ್ಲಿ 50 ಹರ್ಟ್ಸ್‌ಗೆ ಒಂದು, 60 ಹರ್ಟ್ಸ್‌ಗೆ ಒಂದು ಅಂತ ಎರಡು ಅಂಕಿ ಕಾಣಬಹುದು. 1500 ಆರ್‌ಪಿಎಂನಲ್ಲಿ ಓಡುವ 50 ಹರ್ಟ್ಸ್ ಜನರೇಟರ್‌ನ ಪಂಪ್ 1800ರಲ್ಲಿ ಓಡುವ 60 ಹರ್ಟ್ಸ್‌ನದಕ್ಕಿಂತ ನಿಧಾನ ತಿರುಗುತ್ತದೆ, ನೀರೂ ಕಡಿಮೆ. ನಿಮ್ಮ ಬೋಟಿನದು ಯಾವುದು ಅಂತ ನೋಡಿಕೊಂಡು ಹೋಲಿಸಿ.

ಈ ಅಳತೆಯನ್ನು ಎಲ್ಲ ಸರಿಯಿದ್ದಾಗಲೇ ಒಮ್ಮೆ ತೆಗೆದು, ಜನರೇಟರ್ ಬಾಕ್ಸ್‌ನ ಒಳಗೋಡೆ ಮೇಲೆ ಮಾರ್ಕರ್‌ನಲ್ಲಿ ತಾರೀಕಿನ ಸಮೇತ ಬರೆದಿಡಿ. ನನ್ನ ಕೈಯಲ್ಲಿರುವ ಬೋಟುಗಳಿಗೆಲ್ಲ ನಾನು ಇದನ್ನು ಮಾಡಿದ್ದೇನೆ. ಮ್ಯಾನ್ಯುಯಲ್ ಹೇಳುವುದಕ್ಕಿಂತ ಆ ಬೋಟಿನ ಹಳೆಯ ಅಳತೆಯೇ ನನಗೆ ಹೆಚ್ಚು ಉಪಯೋಗ.

ಸಮುದ್ರದಿಂದ ಪಂಪ್‌ವರೆಗೆ

ನೀರು ಕಡಿಮೆ ಅಂತ ಗೊತ್ತಾಯಿತು. ಈಗ ಶುರುವಿನಿಂದ ಹೊರಡಿ.

ಸೀ ಕಾಕ್ ತೆರೆದಿದೆಯಾ? ನಗಬೇಡಿ, ಬೋಟು ತೊಳೆದವರು ಮುಚ್ಚಿ ಹೋಗಿರುತ್ತಾರೆ. ಹಿಡಿ ಪೈಪಿನ ಸಾಲಿಗೆ ಉದ್ದಕ್ಕೆ ನಿಂತಿದ್ದರೆ ತೆರೆದಿದೆ ಅಂತ ಲೆಕ್ಕ. ಆದರೆ ಒಳಗಿನ ಕಡ್ಡಿ ತುಂಡಾಗಿದ್ದರೆ ಹಿಡಿ ತಿರುಗಿದರೂ ಬಾಲ್ ತಿರುಗುವುದಿಲ್ಲ. ಗಟ್ಟಿಯಾಗಿ ಕಚ್ಚಿಕೊಂಡ ಸೀ ಕಾಕ್‌ಗೆ ಪೈಪು ಸಿಕ್ಕಿಸಿ ಬಲ ಹಾಕಬೇಡಿ. ಅದು ಮುರಿದರೆ ಸಮುದ್ರ ಒಳಗೆ ಬರುತ್ತದೆ. ಪ್ರತಿ ಸೀ ಕಾಕ್ ಪಕ್ಕದಲ್ಲಿ ಆ ಅಳತೆಯ ಮೆತ್ತನೆ ಮರದ ಬೆಣೆಯೊಂದನ್ನು ದಾರದಲ್ಲಿ ಕಟ್ಟಿಡಿ.

ಸೀ ಕಾಕ್ ಮುಚ್ಚಿ ಸ್ಟ್ರೈನರ್ ತೆರೆಯಿರಿ. ಕಸ ತೆಗೆಯಿರಿ, ಬುಟ್ಟಿ ತೊಳೆಯಿರಿ. ಈಗ ಸ್ಟ್ರೈನರ್ ಮುಚ್ಚಳ ತೆರೆದಂತೆಯೇ ಇಟ್ಟು ಸೀ ಕಾಕ್ ನಿಧಾನವಾಗಿ ತೆರೆಯಿರಿ. ಸ್ಟ್ರೈನರ್ ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ ನೀರು ಜೋರಾಗಿ ಉಕ್ಕಬೇಕು. ಮೇಲಿದ್ದರೆ ಒಳಗೆ ಬರುವ ಹೋಸನ್ನು ಬಿಚ್ಚಿ ಕೆಳಗೆ ಬಗ್ಗಿಸಿ ನೋಡಿ. ನೀರು ಸಣ್ಣಗೆ ಬಂದರೆ ತಳದ ತೂತೇ ಕಟ್ಟಿದೆ. ಚಿಪ್ಪು ಬೆಳೆದಿರಬಹುದು, ಇಲ್ಲವೇ ಪ್ಲಾಸ್ಟಿಕ್ ಚೀಲ.

ಪ್ಲಾಸ್ಟಿಕ್ ಚೀಲದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಪಂಪ್ ಎಳೆಯುವಾಗ ಅದು ತೂತಿಗೆ ಅಂಟಿಕೊಳ್ಳುತ್ತದೆ. ಜನರೇಟರ್ ನಿಂತ ಕೂಡಲೇ ಬಿಟ್ಟು ತೇಲಿ ಹೋಗುತ್ತದೆ. ನೀವು ಹೋಗಿ ನೋಡಿದರೆ ಎಲ್ಲ ಸರಿ ಇರುತ್ತದೆ, ನೀರು ಚೆನ್ನಾಗಿ ಬರುತ್ತದೆ, ಜನರೇಟರ್ ಓಡುತ್ತದೆ. ಹುಡುಗರು "ತನ್ನಷ್ಟಕ್ಕೆ ಸರಿಯಾಯ್ತು ಅಣ್ಣ" ಅಂತಾರೆ. ತನ್ನಷ್ಟಕ್ಕೆ ಸರಿಯಾಗಿದ್ದರೆ ಇಂಪೆಲ್ಲರ್ ತೆಗೆದು ನೋಡದೆ ಬಿಡಬೇಡಿ. ಚೀಲ ಅಂಟಿಕೊಂಡಿದ್ದ ಆ ಹೊತ್ತಿನಲ್ಲಿ ಅದು ಒಣಗಿ ಓಡಿದೆ. ಒಂದೆರಡು ರೆಕ್ಕೆ ಸೀಳಿರುವ ಸಾಧ್ಯತೆ ಜಾಸ್ತಿ. ಇವತ್ತಲ್ಲ, ಮುಂದಿನ ಟ್ರಿಪ್‌ನಲ್ಲಿ ಅದು ಕೈಕೊಡುತ್ತದೆ.

ತೂತು ಕಟ್ಟಿದ್ದರೆ ಹೋಸ್ ಬಿಚ್ಚಿ ಡಿಂಗಿಗೆ (ಸಣ್ಣ ರಬ್ಬರ್ ದೋಣಿಗೆ) ಗಾಳಿ ಹಾಕುವ ಪಂಪಿನಿಂದ ಹೊರಕ್ಕೆ ಊದಿ. ಚೀಲ, ಜೆಲ್ಲಿ ಮೀನು ಹೋಗುತ್ತದೆ. ಚಿಪ್ಪು ಹೋಗುವುದಿಲ್ಲ, ಅದಕ್ಕೆ ಡೈವರ್ ಬೇಕು. ಡೈವರ್ ನೀರಿನಲ್ಲಿ ಇರುವಾಗ ಯಾವ ಎಂಜಿನ್ನೂ ಓಡಬಾರದು.

ತಳದಲ್ಲಿ ಯಾವ ಬಗೆಯ ಜಾಲರಿ ಹಾಕಿದ್ದಾರೆ ಅಂತಲೂ ಕೇಳಿ ತಿಳಿದುಕೊಳ್ಳಿ. ಮುಂದಕ್ಕೆ ಬಾಯಿ ತೆರೆದ ಚಮಚದಂಥ ಜಾಲರಿ ಜನರೇಟರ್‌ಗೆ ಒಳ್ಳೆಯದಲ್ಲ. ಬೋಟು ವೇಗವಾಗಿ ಹೋಗುವಾಗ, ಜನರೇಟರ್ ಬಂದ್ ಇದ್ದರೂ, ಅದು ನೀರನ್ನು ಒಳಗೆ ತಳ್ಳುತ್ತದೆ. ನೀರು ಪಂಪ್ ದಾಟಿ ಹೋಗಿ ಮಫ್ಲರ್ ತುಂಬಿ ಎಂಜಿನ್‌ಗೆ ಇಳಿದ ಬೋಟುಗಳನ್ನು ಕಂಡಿದ್ದೇನೆ. ಜನರೇಟರ್‌ಗೆ ಚಪ್ಪಟೆ ಜಾಲರಿಯೇ ಸರಿ. ಮೇನ್ ಎಂಜಿನ್ ಮತ್ತು ಜನರೇಟರ್ ಒಂದೇ ತೂತಿನಿಂದ ನೀರು ಎಳೆಯುವ ಜೋಡಣೆಯೂ ಬೇಡ. ದೊಡ್ಡದು ಎಳೆದಾಗ ಸಣ್ಣದಕ್ಕೆ ನೀರು ಸಾಲುವುದಿಲ್ಲ.

ತೂತಿನಿಂದ ನೀರು ಚೆನ್ನಾಗಿ ಬರುತ್ತಿದೆ, ಆದರೂ ಹಿಂದೆ ಕಡಿಮೆ ಬೀಳುತ್ತಿದೆ ಅಂದರೆ ಪಂಪ್ ಗಾಳಿ ಎಳೆಯುತ್ತಿರಬಹುದು. ಓಡುವಾಗ ಸ್ಟ್ರೈನರ್‌ನ ಪಾರದರ್ಶಕ ಬಟ್ಟಲಿನಲ್ಲಿ ಗುಳ್ಳೆ ಓಡುತ್ತಿದೆಯಾ ನೋಡಿ. ಬಹುಪಾಲು ಅದು ಸ್ಟ್ರೈನರ್ ಮುಚ್ಚಳದ ರಬ್ಬರ್ ರಿಂಗ್. ತೊಳೆದು ಮುಚ್ಚುವಾಗ ಒಂದು ಮರಳು ಕಣ ಸಿಕ್ಕಿಕೊಂಡರೂ ಸಾಕು. ಎಳೆಯುವ ಕಡೆಯ ಲೀಕ್ ನೀರು ಸುರಿಸುವುದಿಲ್ಲ, ಗಾಳಿ ಕುಡಿಯುತ್ತದೆ. ಅದಕ್ಕೇ ಕಣ್ಣಿಗೆ ಕಾಣುವುದಿಲ್ಲ. ರಿಂಗ್ ಒರೆಸಿ, ಸಿಲಿಕಾನ್ ಗ್ರೀಸ್ ಸವರಿ ಕೂರಿಸಿ. ಹೋಸ್ ಕ್ಲಿಪ್‌ಗಳನ್ನೂ ಬಿಗಿ ಮಾಡಿ.

ಹಳೆಯ ಹೋಸ್‌ನದು ಇನ್ನೊಂದು ಕಾಟ. ಹೊರಗಿಂದ ಚೆಂದ ಕಾಣುತ್ತದೆ, ಒಳಪದರ ಕಿತ್ತು ಬಂದಿರುತ್ತದೆ. ಪಂಪ್ ಎಳೆದಾಗ ಆ ಪದರ ಒಳಗೆ ಮುಚ್ಚಿಕೊಳ್ಳುತ್ತದೆ. ಓಡುವಾಗ ಹೋಸನ್ನು ಕೈಯಲ್ಲಿ ಹಿಡಿದು ನೋಡಿ. ಚಪ್ಪಟೆಯಾಗುತ್ತಿದ್ದರೆ ಬದಲಿಸಿ. ಎಳೆಯುವ ಕಡೆಗೆ ಒಳಗೆ ತಂತಿ ಸುರುಳಿ ಇರುವ ಹೋಸ್ ಮಾತ್ರ ಹಾಕಬೇಕು.

ಇಂಪೆಲ್ಲರ್

ನನ್ನ ಕೆಲಸದಲ್ಲಿ ಅತಿ ಹೆಚ್ಚು ಸಲ ಸಿಕ್ಕಿಬೀಳುವ ಕಳ್ಳ ಇದೇ. ಸೀ ಕಾಕ್ ಮುಚ್ಚಿ, ಪಂಪಿನ ಮುಚ್ಚಳದ ಸ್ಕ್ರೂ ತೆಗೆಯಿರಿ. ಸ್ಕ್ರೂ ಸಣ್ಣವು, ಬಿದ್ದರೆ ಬಿಲ್ಜ್ (ಬೋಟಿನ ತಳದ ಗುಂಡಿ) ಪಾಲು. ಕೆಳಗೆ ಒಂದು ಬಟ್ಟೆ ಹಾಸಿ. ರೆಕ್ಕೆಗಳು ಯಾವ ಕಡೆಗೆ ಬಗ್ಗಿವೆ ಅಂತ ಫೋನಿನಲ್ಲಿ ಫೋಟೋ ತೆಗೆದುಕೊಳ್ಳಿ. ಇಂಪೆಲ್ಲರ್ ಎಳೆಯಲು ಪುಲ್ಲರ್ ಬಳಸಿ. ಎರಡು ಸ್ಕ್ರೂಡ್ರೈವರ್ ಹಾಕಿ ಎಬ್ಬಿಸಿದರೆ ಪಂಪಿನ ಕಂಚಿನ ಅಂಚು ಗೀರುತ್ತದೆ, ಆ ಗೀರಿನಿಂದ ಒತ್ತಡ ಸೋರುತ್ತದೆ.

ರೆಕ್ಕೆಗಳನ್ನು ಎಣಿಸಿ. ಬುಡದಲ್ಲಿ ಒಂದೊಂದನ್ನೂ ಬಗ್ಗಿಸಿ ಸೀಳು ನೋಡಿ. ರೆಕ್ಕೆಗಳೆಲ್ಲ ಚೆನ್ನಾಗಿದ್ದರೂ ಇನ್ನೊಂದು ಪರೀಕ್ಷೆ ಬಾಕಿ ಇದೆ. ನಡುವಿನ ಹಿತ್ತಾಳೆ ಬುಶ್ ಹಿಡಿದುಕೊಂಡು ರಬ್ಬರನ್ನು ತಿರುಚಿ. ರಬ್ಬರ್ ಬುಶ್‌ನಿಂದ ಬಿಟ್ಟುಕೊಂಡಿದ್ದರೆ ಅದು ಜಾರುತ್ತದೆ. ಅಂಥ ಇಂಪೆಲ್ಲರ್ ನೋಡಲು ಹೊಸದರಂತೆ ಇರುತ್ತದೆ, ಲೋಡ್ ಬಂದಾಗ ಶಾಫ್ಟ್ ಮಾತ್ರ ತಿರುಗಿ ರಬ್ಬರ್ ನಿಂತುಬಿಡುತ್ತದೆ. ಇಂಪೆಲ್ಲರ್ ಸರಿ ಇದೆ ಅಂತ ವಾಪಸ್ ಹಾಕಿ ಎಂಜಿನ್ನೆಲ್ಲ ಬಿಚ್ಚಿದವರಿದ್ದಾರೆ.

ಒಂದು ರೆಕ್ಕೆ ಕಡಿಮೆ ಇದ್ದರೆ ಆ ತುಂಡು ಎಲ್ಲೋ ಇದೆ ಅಂತ ಅರ್ಥ. ಅದನ್ನು ಹುಡುಕಲೇಬೇಕು. ಹೊಸ ಇಂಪೆಲ್ಲರ್ ಹಾಕಿ "ಆಯ್ತು" ಅಂದರೆ ಆಗಲಿಲ್ಲ. ತುಂಡು ನೀರಿನ ಜೊತೆ ಮುಂದೆ ಹೋಗಿ ಹೀಟ್ ಎಕ್ಸ್‌ಚೇಂಜರ್‌ನ ಬಾಯಲ್ಲಿ ಕೂರುತ್ತದೆ, ಇಲ್ಲವೇ ಹೋಸ್ ತಿರುವಿನಲ್ಲಿ. ಸಿಕ್ಕಿದ ತುಂಡುಗಳನ್ನು ಹಳೆಯ ಇಂಪೆಲ್ಲರ್ ಪಕ್ಕ ಜೋಡಿಸಿಟ್ಟು ಪೂರ್ತಿಯಾಯಿತಾ ನೋಡಿ.

ಹೊಸದನ್ನು ಹಾಕುವಾಗ ಗ್ಲಿಸರಿನ್ ಅಥವಾ ಪಾತ್ರೆ ತೊಳೆಯುವ ಲಿಕ್ವಿಡ್ ಸವರಿ. ಸಾಮಾನ್ಯ ಗ್ರೀಸ್ ಬೇಡ, ರಬ್ಬರ್ ಉಬ್ಬುತ್ತದೆ. ತಿರುಗುವ ದಿಕ್ಕಿಗೆ ತಿರುಚುತ್ತಾ ಒಳಗೆ ತಳ್ಳಿ. ಮುಚ್ಚಳದ ಒಳಮೈಯಲ್ಲಿ ಉಂಗುರದಂತೆ ಗೀರು ಆಳವಾಗಿದ್ದರೆ ಸದ್ಯಕ್ಕೆ ಮಗುಚಿ ಹಾಕಬಹುದು, ಹೊರಮೈ ನುಣುಪಾಗಿದ್ದರೆ. ಪಂಪಿನ ಕೆಳಗೆ ಸಣ್ಣ ತೂತೊಂದು ಇರುತ್ತದೆ. ಅಲ್ಲಿ ಉಪ್ಪುನೀರು ತೊಟ್ಟಿಕ್ಕಿದರೆ ನೀರಿನ ಸೀಲ್ ಹೋಗಿದೆ, ಆಯಿಲ್ ಬಂದರೆ ಆಯಿಲ್ ಸೀಲ್. ಆ ತೂತನ್ನು ಮುಚ್ಚಬೇಡಿ. ಮುಚ್ಚಿದರೆ ಉಪ್ಪುನೀರು ಎಂಜಿನ್ ಆಯಿಲ್ ಕಡೆಗೆ ನುಗ್ಗುತ್ತದೆ.

ವರ್ಷಕ್ಕೊಮ್ಮೆ ಇಂಪೆಲ್ಲರ್ ಬದಲಿಸಿ. ಇಲ್ಲಿ ನಾನು ಮೇ ತಿಂಗಳಲ್ಲಿ ಬದಲಿಸುತ್ತೇನೆ, ಸೆಕೆ ಏರುವ ಮೊದಲು. ಊರಿನಲ್ಲಿ ಇರುವವರಿಗೆ ಇನ್ನೊಂದು ಮಾತು. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ, 61 ದಿನ. ಬೋಟು ದಡದಲ್ಲಿ ನಿಂತಿರುವಾಗ ಇಂಪೆಲ್ಲರ್ ಒಂದೇ ಭಂಗಿಯಲ್ಲಿ ಬಗ್ಗಿ ಕೂತು ಹಾಗೇ ಗಟ್ಟಿಯಾಗುತ್ತದೆ. ಜೂನ್‌ನಲ್ಲಿ ತೆಗೆದು ಒಳಗಿಟ್ಟು, ಜುಲೈ ಕೊನೆಗೆ ಹಾಕಿ. ಆಗಸ್ಟ್ ಶುರುವಿನಲ್ಲಿ ಅಳಿವೆಯ ನೀರಲ್ಲಿ ಕೆಸರು ತುಂಬಾ ಇರುತ್ತದೆ, ಹಾಗಾಗಿ ಸ್ಟ್ರೈನರ್ ದಿನಾ ನೋಡಿ.

ಪಂಪ್‌ನಿಂದ ಆಚೆ

ಹೀಟ್ ಎಕ್ಸ್‌ಚೇಂಜರ್ ಕಟ್ಟಿದೆಯಾ ಅಂತ ಬಿಚ್ಚದೆಯೇ ಗೊತ್ತು ಮಾಡಬಹುದು. ಇನ್‌ಫ್ರಾರೆಡ್ ಥರ್ಮಾಮೀಟರ್ ಬೇಕು. ಹೊಳೆಯುವ ಲೋಹದ ಮೇಲೆ ಅದು ತಪ್ಪು ತೋರಿಸುತ್ತದೆ, ಕಪ್ಪು ಟೇಪ್ ಅಂಟಿಸಿ ಅದರ ಮೇಲೆ ಹಿಡಿಯಿರಿ. ಜನರೇಟರ್‌ಗೆ ಒಳ್ಳೆಯ ಲೋಡ್ ಹಾಕಿ, ಉಪ್ಪುನೀರು ಒಳಗೆ ಹೋಗುವ ಕಡೆ ಮತ್ತು ಹೊರಗೆ ಬರುವ ಕಡೆ ಅಳೆಯಿರಿ. ಸಾಮಾನ್ಯವಾಗಿ 10 ಡಿಗ್ರಿ ಆಸುಪಾಸು ವ್ಯತ್ಯಾಸ ಇರುತ್ತದೆ. ಅದಕ್ಕಿಂತ ತುಂಬಾ ಜಾಸ್ತಿ ಇದ್ದರೆ ನೀರು ಕಡಿಮೆ ಹರಿಯುತ್ತಿದೆ, ಬಂದ ಸ್ವಲ್ಪ ನೀರೇ ಎಲ್ಲ ಬಿಸಿ ಹೊರುತ್ತಿದೆ. ವ್ಯತ್ಯಾಸ ತುಂಬಾ ಕಡಿಮೆ ಇದ್ದು ಕೂಲಂಟ್ ಮಾತ್ರ ಕುದಿಯುತ್ತಿದ್ದರೆ ಬಿಸಿ ಉಪ್ಪುನೀರಿಗೆ ದಾಟುತ್ತಿಲ್ಲ. ಕೊಳವೆಗಳ ಮೇಲೆ ಹೊಪ್ಪಳಿಕೆ ಕಟ್ಟಿದೆ ಅಥವಾ ಕೂಲಂಟ್ ಸುತ್ತುತ್ತಿಲ್ಲ.

ಬಿಚ್ಚಿದರೆ ಎರಡು ತುದಿಯ ಮುಚ್ಚಳ ತೆಗೆದು ಟಾರ್ಚ್ ಹಾಕಿ ನೋಡಿ. ರಬ್ಬರ್ ತುಂಡು, ಚಿಪ್ಪಿನ ಪುಡಿ, ಮುರಿದುಬಿದ್ದ ಸತುವಿನ ತುಂಡು ಅಲ್ಲೇ ಸಿಗುತ್ತವೆ. ಸತುವಿನ ಪೆನ್ಸಿಲ್ (ಎಕ್ಸ್‌ಚೇಂಜರ್ ಬದಲು ತಾನು ಸವೆಯಲಿ ಅಂತ ಹಾಕುವ ಕಡ್ಡಿ) ಅರ್ಧಕ್ಕಿಂತ ಹೆಚ್ಚು ಸವೆದಿದ್ದರೆ ಬದಲಿಸಿ. ಅದು ಪೂರ್ತಿ ಹೋದ ಮೇಲೆ ಉಪ್ಪುನೀರು ಎಕ್ಸ್‌ಚೇಂಜರ್‌ನ ಲೋಹವನ್ನೇ ತಿನ್ನುತ್ತದೆ. ಕೊಳವೆಗಳಿಗೆ ಕಬ್ಬಿಣದ ಸರಳು ಹಾಕಬೇಡಿ, ಮರದ ಕಡ್ಡಿ ಹಾಕಿ. ಹೊಪ್ಪಳಿಕೆ ಗಟ್ಟಿಯಾಗಿದ್ದರೆ ಬೋಟಿನ ಅಂಗಡಿಯಲ್ಲಿ ಇದಕ್ಕೆಂದೇ ಸಿಗುವ ಆಸಿಡ್ ಕ್ಲೀನರ್‌ನಲ್ಲಿ ನೆನೆಸಿ, ಗುಳ್ಳೆ ಏಳುವುದು ನಿಂತ ಮೇಲೆ ಸಿಹಿನೀರಲ್ಲಿ ಚೆನ್ನಾಗಿ ತೊಳೆಯಿರಿ. ಕೈಗವಸು, ಕನ್ನಡಕ, ಗಾಳಿಯಾಡುವ ಜಾಗ ಇಲ್ಲದೆ ಇದನ್ನು ಮಾಡಬೇಡಿ. ಎಂಜಿನ್ ರೂಮಿನಲ್ಲಂತೂ ಬೇಡವೇ ಬೇಡ.

ಜನರೇಟರ್ ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ ಎಲ್ಬೋಗೆ ಹೋಗುವ ಮೊದಲು ಹೋಸ್ ಮೇಲೇರಿ ಇಳಿಯುತ್ತದೆ, ಆ ಏರಿನ ಮೇಲ್ತುದಿಯಲ್ಲಿ ಆಂಟಿ ಸೈಫನ್ ವಾಲ್ವ್ ಇರುತ್ತದೆ. ನಿಂತ ಮೇಲೆ ನೀರು ತಾನಾಗಿ ಹರಿದು ಎಂಜಿನ್ ತುಂಬದಂತೆ ತಡೆಯುವುದು ಅದರ ಕೆಲಸ. ಉಪ್ಪು ಕಟ್ಟಿ ಅದು ಅಂಟಿಕೊಳ್ಳುತ್ತದೆ. ಬಿಚ್ಚಿ ಬಿಸಿನೀರು, ವಿನೆಗರ್‌ನಲ್ಲಿ ತೊಳೆದರೆ ಸಾಕು. ಆದರೆ ಯಾರೂ ತೊಳೆಯುವುದಿಲ್ಲ, ಅದೇ ಬೇಜಾರು.

ಕೊನೆಗೆ ಎಲ್ಬೋ. ಒಳಗೆ ಉಪ್ಪು, ತುಕ್ಕು, ಮಸಿ ಮೂರೂ ಸೇರಿ ಕಲ್ಲಾಗುತ್ತದೆ. ಪಂಪ್ ಹೊಸದು, ಎಕ್ಸ್‌ಚೇಂಜರ್ ಶುದ್ಧ, ಆದರೂ ನೀರು ಕಡಿಮೆ, ಲೋಡ್ ಹಾಕಿದರೆ ಕಪ್ಪು ಹೊಗೆ ಅಂದರೆ ಎಲ್ಬೋ ಬಿಚ್ಚಿ. ಬೆರಳು ಹಾಕಿದರೆ ಗೊತ್ತಾಗುತ್ತದೆ. ಕೆರೆದು ತೆಗೆಯುವಾಗ ಗೋಡೆ ತೆಳುವಾಗಿದ್ದು ಕಂಡರೆ ಹೊಸದು ಹಾಕಿಸಿ. ಒಳಗೋಡೆ ತೂತಾದ ಎಲ್ಬೋ ಉಪ್ಪುನೀರನ್ನು ಸೀದಾ ಸಿಲಿಂಡರ್ ಕಡೆಗೆ ಕಳಿಸುತ್ತದೆ.

ಉಪ್ಪುನೀರು ಸರಿಯಿದ್ದರೆ

ಆಗ ಕೂಲಂಟ್ ಕಡೆ ಹೋಗಿ. ತಣಿದ ಮೇಲೆ ಮುಚ್ಚಳ ತೆರೆದು ಮಟ್ಟ ನೋಡಿ. ಬೆಲ್ಟ್ ಸಡಿಲವಾ ನೋಡಿ. ಥರ್ಮೋಸ್ಟಾಟ್ ಮೇಲೆ ಡಿಗ್ರಿ ಅಚ್ಚಾಗಿರುತ್ತದೆ. ದಾರ ಕಟ್ಟಿ ನೀರಿನ ಪಾತ್ರೆಯಲ್ಲಿ ಇಳಿಬಿಟ್ಟು ಕಾಯಿಸಿ, ಆ ಡಿಗ್ರಿಗೆ ತೆರೆಯಬೇಕು. ಅದನ್ನು ತೆಗೆದುಹಾಕಿ ಓಡಿಸುವುದು ಪರಿಹಾರ ಅಲ್ಲ.

ಕೂಲಂಟ್ ಕಡಿಮೆಯಾಗುತ್ತಿದ್ದು ಎಲ್ಲೂ ಹನಿ ಕಾಣದಿದ್ದರೆ ಎಕ್ಸ್‌ಚೇಂಜರ್ ಕೊಳವೆ ತೂತಾಗಿ ಸಮುದ್ರಕ್ಕೆ ಹೋಗುತ್ತಿರಬಹುದು. ಉಪ್ಪಾಗಿದೆಯಾ ಅಂತ ನಾಲಿಗೆಗೆ ಹಚ್ಚಿ ನೋಡುವ ಅಭ್ಯಾಸ ಕೆಲವರಿಗಿದೆ. ಮಾಡಬೇಡಿ, ಕೂಲಂಟ್‌ನಲ್ಲಿರುವ ಗ್ಲೈಕಾಲ್ ವಿಷ. ಉಪ್ಪುನೀರಿನ ಹೋಸ್ ಎರಡೂ ಬಿಚ್ಚಿ, ಕೂಲಂಟ್ ಕಡೆಗೆ ಪ್ರೆಶರ್ ಟೆಸ್ಟರ್ ಹಾಕಿ. ಉಪ್ಪುನೀರಿನ ಬಾಯಲ್ಲಿ ಕೂಲಂಟ್ ಹನಿದರೆ ಕೊಳವೆ ಹೋಗಿದೆ. ಓಡುವಾಗ ಕೂಲಂಟ್ ಟ್ಯಾಂಕಿನಲ್ಲಿ ಗುಳ್ಳೆ ನಿಲ್ಲದೆ ಏಳುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಹೆಡ್ ನಡುವಿನ ಸೀಲ್) ಹೋಗಿರಬಹುದು. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಹಾಲಿನಂತೆ ಬೆಳ್ಳಗಾಗಿದ್ದರೆ ಮತ್ತೆ ಸ್ಟಾರ್ಟ್ ಮಾಡದೆ ಮೆಕ್ಯಾನಿಕ್‌ಗೆ ಹೇಳಿ. ಕೂಲಂಟ್ ಹೊಸದಾಗಿ ತುಂಬಿದ ಮೇಲೆ ಗಾಳಿ ಹೊರಗೆ ಬಿಡುವ ಸ್ಕ್ರೂ ತೆರೆದು, ಗುಳ್ಳೆಯಿಲ್ಲದೆ ನೀರು ಬಂದ ಮೇಲೆ ಬಿಗಿ ಮಾಡಿ. ಒಳಗೆ ಉಳಿದ ಗಾಳಿಯಿಂದಲೇ ಎಷ್ಟೋ ಜನರೇಟರ್ ರಿಪೇರಿಯಾದ ದಿನವೇ ಮತ್ತೆ ಬಿಸಿಯಾಗುತ್ತವೆ.

ಎಲ್ಲ ಜೋಡಿಸಿದ ಮೇಲೆ

ಸೀ ಕಾಕ್ ತೆರೆದಿದೆ ಅಂತ ಕೈಯಿಂದ ಮುಟ್ಟಿ ನೋಡಿ. ಸ್ಟ್ರೈನರ್‌ಗೆ ನೀರು ತುಂಬಿ ಮುಚ್ಚಿದರೆ ಪಂಪ್ ಬೇಗ ಎಳೆಯುತ್ತದೆ. ಸ್ಟಾರ್ಟ್ ಮಾಡಿ, ಹಿಂದೆ ನೀರು ಬೀಳುವುದನ್ನು ಒಬ್ಬ ನೋಡಲಿ. ಐದು ನಿಮಿಷ ಲೋಡ್ ಇಲ್ಲದೆ ಓಡಲಿ. ಆಮೇಲೆ ಏಸಿಗಳನ್ನು ಒಂದೊಂದಾಗಿ ಹಾಕಿ, ಅರ್ಧ ಗಂಟೆ ಪೂರ್ತಿ ಲೋಡ್‌ನಲ್ಲಿ ಬಿಡಿ. ಎಲ್ಬೋದ ಆಚೆಯ ರಬ್ಬರ್ ಹೋಸ್ ಮೇಲೆ ಕೈ ಇಟ್ಟು ಹಿಡಿದುಕೊಳ್ಳಲು ಆಗಬೇಕು. ಆಗದಿದ್ದರೆ ನೀರು ಇನ್ನೂ ಸಾಲುತ್ತಿಲ್ಲ, ಹುಡುಕುವುದು ಬಾಕಿ ಇದೆ ಅಂತ. ಒಮ್ಮೆ ಅತಿ ಬಿಸಿಯಾಗಿದ್ದ ಹೋಸ್ ಮುಟ್ಟಿದಾಗ ಗಟ್ಟಿ ಹೊಪ್ಪಳಿಕೆಯಂತೆ ಇದ್ದರೆ ಒಳಗೆ ಸುಟ್ಟಿದೆ ಅಂತ, ಬದಲಿಸಿ.

ಬೋಟಿನಲ್ಲಿ ಒಂದು ಡಬ್ಬಿ ಇಡಿ. ಎರಡು ಇಂಪೆಲ್ಲರ್, ಪಂಪ್ ಮುಚ್ಚಳದ ಗ್ಯಾಸ್ಕೆಟ್ ಮತ್ತು ಸ್ಕ್ರೂ, ಸ್ಟ್ರೈನರ್ ರಿಂಗ್, ಸತುವಿನ ಪೆನ್ಸಿಲ್, ಬೆಲ್ಟ್, ಥರ್ಮೋಸ್ಟಾಟ್, ಸ್ಟೇನ್‌ಲೆಸ್ ಕ್ಲಿಪ್‌ಗಳು, ಸ್ವಲ್ಪ ಹೋಸ್, ಕೂಲಂಟ್ ಕ್ಯಾನ್, ಒಂದು ಪುಲ್ಲರ್. ಇಂಪೆಲ್ಲರ್‌ನ ಪಾರ್ಟ್ ನಂಬರನ್ನು ಡಬ್ಬಿಯ ಮುಚ್ಚಳದ ಮೇಲೆ ಬರೆಯಿರಿ. ಬಕೆಟ್ ಅಳತೆ ಮತ್ತೊಮ್ಮೆ ತೆಗೆದು, ಗೋಡೆಯ ಮೇಲೆ ಹಳೆಯ ಅಂಕಿಯ ಕೆಳಗೆ ಹೊಸ ತಾರೀಕು ಹಾಕಿ ಬರೆದು, ಮರುದಿನ ಬೆಳಿಗ್ಗೆ ತಣ್ಣಗಿರುವಾಗ ಕೂಲಂಟ್ ಮಟ್ಟ ಇನ್ನೊಮ್ಮೆ ನೋಡಿ.